ಆರುನೂರ ಹನ್ನೊಂದನೆಯ ಕಿಂಡಿ

ಬೆಳಗಿನ ಐದೂವರೆ. ಬೀದಿದೀಪ ಇನ್ನೂ ಆರಿಲ್ಲ. ಮನೆಯೊಂದರ ಮುಂದೆ, ಹಲಗೆಯ ಮೆಟ್ಟಿಲ ಮೇಲೆ, ಐವತ್ತೆಂಟು ವರ್ಷದ ಹೆಂಗಸೊಬ್ಬರು ಬೋರಲು ಮಲಗಿದ್ದಾರೆ. ಗಲ್ಲ ಮೆಟ್ಟಿಲಿಗೆ ತಾಗಿದೆ. ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಎದುರಿನ ಬಾಗಿಲನ್ನೇ ನೋಡುತ್ತಿದ್ದಾರೆ. ಪೇಪರ್ ಹಾಕುವವರು ಸೈಕಲ್ ನಿಲ್ಲಿಸಿ, “ಏನಾಯ್ತಮ್ಮ, ಬಿದ್ರಾ?” ಎಂದು ಗಾಬರಿಯಿಂದ ಕೇಳುತ್ತಾರೆ.

“ಇಲ್ಲಪ್ಪ, ಐದು ನಿಮಿಷ ಬೆಕ್ಕಾಗಿದ್ದೀನಿ,” ಎನ್ನುತ್ತಾರೆ ಇವರು, ತಲೆ ಎತ್ತದೆ. ಪೇಪರಿನವರು ನನ್ನ ಮುಖ ನೋಡುತ್ತಾರೆ. ನಾನು ಆಕಾಶ ನೋಡುತ್ತೇನೆ.

ಈ ಬಡಾವಣೆಯಲ್ಲಿ ಇವರಿಗೆ ಕಿಂಡಿಯಕ್ಕ ಎಂದೇ ಹೆಸರು. ಮನೆಯ ಬಾಗಿಲಿನ ಕೆಳಭಾಗದಲ್ಲಿ ಕಿಂಡಿ ಕೊರೆದು, ಬೆಕ್ಕು ತಾನಾಗಿ ಹೋಗಿಬರುವಂತೆ ಅದಕ್ಕೊಂದು ತೂಗುವ ಮುಚ್ಚಳ ಕೂರಿಸುವುದು ಇವರ ಕಸುಬು. ಮುಚ್ಚಳಕ್ಕೆ ಇವರು ಇಟ್ಟ ಹೆಸರು ರೆಪ್ಪೆ. ತಲೆಯಿಂದ ಮೆಲ್ಲಗೆ ತಳ್ಳಿದರೆ ಅದು ತೆರೆದುಕೊಳ್ಳಬೇಕು, ಬಿಟ್ಟರೆ ಸದ್ದಿಲ್ಲದೆ ಮುಚ್ಚಿಕೊಳ್ಳಬೇಕು. ಹನ್ನೆರಡು ವರ್ಷದಲ್ಲಿ ಆರುನೂರ ಹತ್ತು ಬಾಗಿಲು ಮುಗಿಸಿದ್ದಾರೆ. ಇದು ಆರುನೂರ ಹನ್ನೊಂದನೆಯದು.

ನಿಜ ಹೇಳಿಬಿಡುತ್ತೇನೆ, ನಾನು ಈ ಲೇಖನ ಒಪ್ಪಿಕೊಂಡಿದ್ದು ಮೂಗು ಮುರಿಯುತ್ತಲೇ. ಬೆಕ್ಕಿಗೊಂದು ಬಾಗಿಲು, ಅದಕ್ಕೊಬ್ಬ ಬಡಗಿ, ಅವರ ಮೇಲೊಂದು ಬರಹ, ಅದಕ್ಕೆ ನಾನು ನಾಲ್ಕೂವರೆಗೆ ಏಳಬೇಕು. ಸಾಲದ್ದಕ್ಕೆ ನನಗೆ ಬೆಕ್ಕುಗಳನ್ನು ಕಂಡರೆ ಅಷ್ಟಕ್ಕಷ್ಟೆ. ಈ ಮನೆಯ ಕಥೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೂತೆ.

ಮನೆಯ ಒಡತಿ ಬಟ್ಟೆ ಹೊಲಿಯುವ ಟೈಲರಮ್ಮ. ಮುಂದಿನ ಕೋಣೆಯೇ ಅವರ ಅಂಗಡಿ. ಅವರ ಬೆಕ್ಕಿನ ಹೆಸರು ಸಾಹೇಬ. ಹದಿಮೂರು ವರ್ಷದ ಕೆಂಚು ಗಂಡು, ಹಿಂದಿನ ಎಡಗಾಲು ಪೆಡಸು, ಗತ್ತಿಗೆ ಮಾತ್ರ ಏನೂ ಕಮ್ಮಿಯಿಲ್ಲ. ದಿನಕ್ಕೆ ಇಪ್ಪತ್ತು ಸಲ ಹೊರಗೆ ಹೋಗಬೇಕು, ಇಪ್ಪತ್ತು ಸಲ ಒಳಗೆ ಬರಬೇಕು. ಪ್ರತಿಸಲವೂ ಟೈಲರಮ್ಮ ಮಿಷನ್ ನಿಲ್ಲಿಸಿ ಎದ್ದು ಬಾಗಿಲು ತೆಗೆಯಬೇಕು. ಮೂರು ತಿಂಗಳ ಹಿಂದೆ ಹಾಗೆ ಎದ್ದವರು ಕಾಲು ಜಾರಿ ಬಿದ್ದರು, ಸೊಂಟದ ಮೂಳೆ ಮುರಿಯಿತು. ಈಗ ಕೋಲು ಹಿಡಿದು ನಡೆಯುತ್ತಾರೆ. ಇನ್ನೊಂದು ಸಲ ಬಿದ್ದರೆ ನಡಿಗೆಯ ಆಸೆಯನ್ನೇ ಬಿಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ.

ಅಂದಿನಿಂದ ಅಕ್ಕನನ್ನು ನೋಡಿಕೊಳ್ಳುತ್ತಿರುವುದು ಅವರ ತಮ್ಮ. ಇವತ್ತು ಸಂಜೆಯ ರೈಲಿಗೆ ಅವರು ಕೆಲಸಕ್ಕೆ ಮರಳಬೇಕು. ಹಾಗಾಗಿ ಬಾಗಿಲ ಪಕ್ಕದಲ್ಲಿ ಒಂದು ಮುಚ್ಚಳದ ಬುಟ್ಟಿ ತಂದಿಟ್ಟಿದ್ದಾರೆ, ಕಟ್ಟಲು ಹಗ್ಗವೂ ಸಿದ್ಧವಾಗಿದೆ. ಹತ್ತು ಗಂಟೆಯೊಳಗೆ ಸಾಹೇಬ ತಾನಾಗಿ ಹೋಗಿ ಬರುವುದನ್ನು ಕಲಿತರೆ ಸರಿ. ಇಲ್ಲದಿದ್ದರೆ ಪೇಟೆಯ ಆ ತುದಿಯ ಗೋದಾಮೊಂದಕ್ಕೆ ಅವನ ವರ್ಗಾವಣೆ.

“ಬೆಕ್ಕಿನ ಮೇಲೆ ನಂಗೇನು ಹಗೆಯಾ?” ಎನ್ನುತ್ತಾರೆ ತಮ್ಮ. “ಮೂರು ತಿಂಗಳಿಂದ ನಾನೇ ಇದರ ವಾಚ್‌ಮನ್. ನಾಳೆಯಿಂದ ನಾನಿರಲ್ಲ. ಇದು ಕೂಗುತ್ತೆ, ಅಕ್ಕ ಏಳ್ತಾಳೆ. ಏಳಬೇಡ ಅಂದ್ರೆ ಕೇಳೋ ಪೈಕಿ ಅಲ್ಲ ಅವಳು.”

ಟೈಲರಮ್ಮ ಕುರ್ಚಿಯಿಂದಲೇ ಹೇಳುತ್ತಾರೆ: “ಹದಿಮೂರು ವರ್ಷ ಜೊತೆಗಿದ್ದಾನೆ. ಅವನಿಲ್ದೇ ಈ ಮನೇಲಿ ನಾನು ಯಾರ ಹತ್ರ ಜಗಳ ಆಡ್ಲಿ?”

ಕಿಂಡಿಯಕ್ಕ ಎದ್ದು ಸೀರೆ ಕೊಡವಿಕೊಳ್ಳುತ್ತಾರೆ. ಮೆಟ್ಟಿಲ ಮೇಲೆ ಒಂದು ದಪ್ಪ ಕಾಲೊರಸು ಹಾಸಿದೆ. ಹೊಲಿದು ಉಳಿದ ಬಟ್ಟೆಚೂರುಗಳನ್ನು ಪದರ ಪದರವಾಗಿ ಸೇರಿಸಿ ಟೈಲರಮ್ಮ ಸಾಹೇಬನಿಗೆಂದೇ ಹೊಲಿದದ್ದು. ಮರದ ಪುಡಿ ಬಿದ್ದು ಹಾಳಾಗದಿರಲಿ ಎಂದು ಕಿಂಡಿಯಕ್ಕ ಅದನ್ನು ಸುರುಳಿ ಸುತ್ತಿ ಗೋಡೆಗೆ ಒರಗಿಸುತ್ತಾರೆ. ಬಾಗಿಲ ಮೇಲೆ ನಿನ್ನೆ ಸಂಜೆ ಎಳೆದ ಪೆನ್ಸಿಲ್ ಗೆರೆಗಳಿವೆ. ಬೆಕ್ಕಿನ ಅಳತೆಗೆ ಇವರು ಟೇಪು ಮುಟ್ಟುವುದಿಲ್ಲ, ಅದರ ಸದ್ದಿಗೆ ಬೆಕ್ಕು ಓಡುತ್ತದೆ. ನಿನ್ನೆ ಮೆಟ್ಟಿಲ ಮೇಲೆ ಸಾಹೇಬನ ಕಿವಿ ತುರಿಸುತ್ತಲೇ ಉಣ್ಣೆಯ ದಾರವೊಂದನ್ನು ಅವನ ಪಕ್ಕ ಇಳಿಬಿಟ್ಟು, ಪೆಡಸು ಕಾಲು ಎಷ್ಟು ಎತ್ತರಕ್ಕೆ ಏಳುತ್ತದೋ ಅಲ್ಲಿಗೊಂದು ಗಂಟು ಹಾಕಿಕೊಂಡಿದ್ದಾರೆ. ಆ ಗಂಟಿನ ಮಟ್ಟವೇ ಕಿಂಡಿಯ ಕೆಳಅಂಚು.

ಕೆಲಸಕ್ಕೆ ಈ ಹೊತ್ತೇ ಯಾಕೆ ಎಂದು ಕೇಳುತ್ತೇನೆ. “ಹಸಿವಿಗೆ,” ಎನ್ನುತ್ತಾರೆ. “ರಾತ್ರಿಯೆಲ್ಲ ಅಲೆದು ಬೆಳಗ್ಗೆ ಹಸ್ಕೊಂಡು ಬರುತ್ತೆ ನೋಡಿ, ಆಗ ಅದಕ್ಕೆ ಬುದ್ಧಿ ಚುರುಕು. ಹೊಟ್ಟೆ ತುಂಬಿದ ಬೆಕ್ಕಿಗೆ ಪಾಠ ಹೇಳೋಕೆ ಯಾರಿಂದಾನೂ ಆಗಲ್ಲ.” ಬೈರಿಗೆಯನ್ನು ಕೈಯಲ್ಲೇ ತಿರುಗಿಸಿ ನಾಲ್ಕು ಮೂಲೆಗೆ ನಾಲ್ಕು ತೂತು ಕೊರೆಯುತ್ತಾರೆ. ನಂತರ ತೆಳುವಾದ ಕೈಗರಗಸ ತೂರಿಸಿ ಗೆರೆಯ ಮೇಲೆ ನಿಧಾನವಾಗಿ ಕೊಯ್ಯುತ್ತಾರೆ. “ಕರೆಂಟ್ ಗರಗಸ ಹಾಕಿದ್ರೆ ಹತ್ತು ನಿಮಿಷದ ಕೆಲ್ಸ. ಆದ್ರೆ ಬಾಗಿಲು ಕಿರುಚಿದ್ದನ್ನ ಒಂದ್ಸಲ ಕೇಳಿಸ್ಕೊಂಡ್ರೆ ಬೆಕ್ಕು ತಿಂಗಳುಗಟ್ಟಲೆ ಆ ಬಾಗಿಲನ್ನ ನಂಬಲ್ಲ.” ಅವರ ಚೀಲ ಹನ್ನೊಂದು ಕಿಲೋ ತೂಗುತ್ತದೆ. ಮೊಣಕೈಗಳಲ್ಲಿ ಚರ್ಮ ದಪ್ಪಗಟ್ಟಿದೆ. ದಿನಕ್ಕೆ ಒಂದೇ ಬಾಗಿಲು, ಎರಡನೆಯದನ್ನು ಜಪ್ಪಯ್ಯ ಅಂದರೂ ಒಪ್ಪಿಕೊಳ್ಳುವುದಿಲ್ಲ.

ಇದಕ್ಕೆ ಮೊದಲು ಅವರು ಬಾಗಿಲು ತಯಾರಿಸುವ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ಅಲ್ಲಿ ಸಿದ್ಧವಾದ ಬಾಗಿಲುಗಳನ್ನು ತಟ್ಟಿ, ಸವರಿ, ಕಡಲೆಕಾಳಿನಷ್ಟು ತೂತು ಕಂಡರೂ ಪಕ್ಕಕ್ಕೆ ತಳ್ಳುವುದು ಅವರ ಕೆಲಸವಾಗಿತ್ತು. ಕಾರ್ಖಾನೆ ಮುಚ್ಚಿತು. “ಇಪ್ಪತ್ತೆರಡು ವರ್ಷ ತೂತು ಹುಡುಕಿದ್ದಾಯ್ತು, ಇನ್ನು ಮಾಡೋಣ ಅಂದ್ಕೊಂಡೆ,” ಎಂದು ನಗುತ್ತಾರೆ. ಆಗ ನಕ್ಕವರು ಬೇರೆಯವರು. ಬಡಗಿಯಾಗಿದ್ದ ಸ್ವಂತ ಅಣ್ಣನೇ ಗರಗಸ ಕೊಡಲಿಲ್ಲ, ಒಳ್ಳೆಯ ಬಾಗಿಲು ಕೆಡಿಸೋಕೆ ನನ್ನ ಸಾಮಾನು ಯಾಕೆ ಎಂದರು. ಗಂಡ ಮಾತ್ರ ತುಟಿ ಪಿಟಿಕ್ಕೆನ್ನದೆ ಹೋಗಿ ಒಂದು ಹೊಸ ಗರಗಸ ತಂದುಕೊಟ್ಟರು. ಅದೇ ಇವತ್ತಿಗೂ ಅವರ ಕೈಯಲ್ಲಿದೆ. ಅಂದಹಾಗೆ ಕಿಂಡಿಯಕ್ಕನ ಮನೆಯಲ್ಲಿ ಬೆಕ್ಕಿಲ್ಲ. “ನಮ್ಮನೆಯವ್ರಿಗೆ ಬೆಕ್ಕಿನ ಕೂದಲು ಕಂಡ್ರೆ ಸೀನು. ನಾನು ಕೆಲ್ಸ ಮುಗಿಸಿ ಹೋದ್ರೆ ಬಾಗಿಲಲ್ಲೇ ನಿಲ್ಲಿಸಿ ಸೀರೆ ಕೊಡವು ಅಂತಾರೆ.”

ಏಳು ಗಂಟೆಗೆ ಕೊನೆಯ ಅಂಚು ಬಿಟ್ಟುಕೊಂಡು ಮರದ ತುಂಡು ಅವರ ಅಂಗೈಗೆ ಬೀಳುತ್ತದೆ. ಏಳು ಇಂಚು ಅಗಲ, ಎಂಟು ಇಂಚು ಉದ್ದ, ಬಾಗಿಲಿನಷ್ಟೇ ದಪ್ಪ. ಈ ತುಂಡನ್ನು ಅವರು ಎಸೆಯುವುದಿಲ್ಲ. ಮನೆಗೊಯ್ದು ಗೋಡೆಯ ಹಲಗೆಗಳ ಮೇಲೆ ಸಾಲಾಗಿ ಜೋಡಿಸುತ್ತಾರೆ. ತುಂಡಿನ ಮೇಲೆ ಬೆಕ್ಕಿನ ಹೆಸರಿರುತ್ತದೆ, ಅದು ಹೋಗಿ ಬಂದ ತಾರೀಖು, ಹೊತ್ತು ಇರುತ್ತದೆ. ತಾರೀಖಿಲ್ಲದ ತುಂಡು ಒಂದೇ ಒಂದು, ಮೂರನೆಯದು. “ಅವತ್ತು ಆತುರಕ್ಕೆ ಬಿದ್ದು ಬೆಕ್ಕನ್ನ ಹಿಂದಿನಿಂದ ತಳ್ಳಿಬಿಟ್ಟೆ. ಆಚೆ ಹೋಯ್ತು. ವಾಪಸ್ ಬರಲೇ ಇಲ್ಲ,” ಎನ್ನುವಾಗ ಅವರ ಮುಖ ಸಣ್ಣಗಾಗುತ್ತದೆ. ಅಂದಿನಿಂದ ಒಂದು ನೇಮ. ಬೆಕ್ಕನ್ನು ಯಾರೂ ತಳ್ಳುವಂತಿಲ್ಲ, ಎಳೆಯುವಂತಿಲ್ಲ. ಅದು ತಾನಾಗಿ ಹೋಗಿ, ತಾನಾಗಿ ಬರುವವರೆಗೆ ಕಿಂಡಿಯಕ್ಕ ಜಾಗ ಬಿಟ್ಟು ಕದಲುವುದಿಲ್ಲ. ಒಮ್ಮೆ ಹನ್ನೊಂದು ಗಂಟೆ ಕಾಲ ಕಾದಿದ್ದಾರೆ.

ಅಂಚಿಗೆ ಸ್ಯಾಂಡ್ ಪೇಪರ್ ಉಜ್ಜಿ, ರೆಪ್ಪೆ ತೂಗುಹಾಕುವ ಹೊತ್ತಿಗೆ ಕಾಂಪೌಂಡಿನ ಮೇಲೆ ಸಾಹೇಬ ಬಂದು ಕೂತಿರುತ್ತಾನೆ. ಒಳಗಡೆ, ಕಿಂಡಿಯ ನೇರಕ್ಕೆ, ಅವನ ತಟ್ಟೆಯಲ್ಲಿ ಮೀನಿದೆ. ರೆಪ್ಪೆಯನ್ನು ದಾರದಿಂದ ಅರ್ಧ ಎತ್ತಿ ಕಟ್ಟಿದ್ದಾರೆ, ವಾಸನೆ ಹೊರಗೆ ಬರಲೆಂದು. ಸಾಹೇಬ ಇಳಿಯುತ್ತಾನೆ. ಮೂಸುತ್ತಾನೆ. ತಲೆ ತೂರಿಸುತ್ತಾನೆ, ಮುಂದಿನ ಎರಡು ಕಾಲೂ ಒಳಗೆ ಹೋಗುತ್ತವೆ. ಹಿಂದಿನ ಎಡಗಾಲು ಮೇಲೇಳುತ್ತದೆ, ಅಂಚಿಗೆ ತಾಗುತ್ತದೆ, ಜಾರುತ್ತದೆ. ಮತ್ತೊಂದು ಸಲ. ಮೂರನೆಯ ಸಲ ಜಾರಿದಾಗ ಅವನು ಹಿಂದಕ್ಕೆ ಸರಿದು, ಬಾಗಿಲಿಗೆ ಬೆನ್ನು ತಿರುಗಿಸಿ ಕೂರುತ್ತಾನೆ. ಆಮೇಲೆ ಕ್ಯಾರೇ ಅನ್ನುವುದಿಲ್ಲ.

ಎಂಟೂ ಇಪ್ಪತ್ತು. ಟೈಲರಮ್ಮನ ತಮ್ಮ ಬಂದು ಬುಟ್ಟಿಯ ಮುಚ್ಚಳ ತೆಗೆಯುತ್ತಾರೆ. “ಆಯ್ತಲ್ಲ, ಬಿಡಿ. ನಿಮ್ಮ ಪ್ರಯತ್ನ ನೀವು ಮಾಡಿದ್ರಿ.” ತೆರೆದ ಕಿಟಕಿಯಾಚೆ ಟೈಲರಮ್ಮ ಮಿಷನ್ನಿನ ಮೇಲಿದ್ದ ಬಟ್ಟೆಯನ್ನು ಸುಮ್ಮನೆ ಮಡಿಸುತ್ತಾರೆ, ಬಿಚ್ಚುತ್ತಾರೆ, ಮತ್ತೆ ಮಡಿಸುತ್ತಾರೆ.

“ಹತ್ತು ಗಂಟೆ ಅಂದಿದ್ರಿ,” ಎನ್ನುತ್ತಾರೆ ಕಿಂಡಿಯಕ್ಕ. ದನಿ ಏರುವುದಿಲ್ಲ. ಜೇಬಿನಂಥ ಸಣ್ಣ ಸಂಚಿಯಿಂದ ನಿನ್ನೆಯ ಉಣ್ಣೆ ದಾರ ತೆಗೆದು, ಅದರ ತುದಿಯನ್ನು ಮೆಟ್ಟಿಲಿಗೆ ಒತ್ತಿ ಬಾಗಿಲಿಗೆ ಹಿಡಿಯುತ್ತಾರೆ. ಗಂಟು ಕಿಂಡಿಯ ಅಂಚಿಗೆ ಬರಬೇಕಿತ್ತು. ಒಂದೂವರೆ ಇಂಚು ಕೆಳಗೆ ನಿಂತಿದೆ. ಅವರು ದಾರ ನೋಡುತ್ತಾರೆ, ಅಂಚು ನೋಡುತ್ತಾರೆ. ಆಮೇಲೆ ಕುತ್ತಿಗೆ ತಿರುಗಿಸಿ ಗೋಡೆಗೆ ಒರಗಿಸಿಟ್ಟ ಕಾಲೊರಸನ್ನು ನೋಡುತ್ತಾರೆ.

“ತಪ್ಪು ನಂದೇ,” ಎನ್ನುತ್ತಾರೆ. “ನಿನ್ನೆ ಅವನು ಇದರ ಮೇಲೆ ನಿಂತಿದ್ದ. ಇದರ ಮೇಲಿಂದಾನೇ ಗೆರೆ ಹಾಕ್ದೆ. ಇವತ್ತು ನಾನೇ ಸುತ್ತಿಟ್ಟೆ. ಆರುನೂರು ಬಾಗಿಲು ಮಾಡಿದ್ದೀನಿ ಅಂತ ಬೀಗ್ತಿದ್ದೆ, ಸರಿಯಾಯ್ತು ನಂಗೆ.”

ಕಾಲೊರಸನ್ನೇ ಮತ್ತೆ ಹಾಸಿದರಾಯಿತಲ್ಲ ಎನ್ನುತ್ತಾರೆ ತಮ್ಮ. ನನಗೂ ಹಾಗೇ ಅನ್ನಿಸಿತ್ತು. ಕಿಂಡಿಯಕ್ಕ ತಲೆ ಅಲ್ಲಾಡಿಸುತ್ತಾರೆ. “ಇದು ಜರುಗುತ್ತೆ, ನೆನೆಯುತ್ತೆ, ಒಗೆಯೋಕೆ ಹೋಗುತ್ತೆ. ಇದು ಇಲ್ಲದ ದಿನ ನಿಮ್ಮಕ್ಕ ಏಳ್ತಾರೆ. ಆ ಒಂದು ದಿನ ಸಾಕಲ್ವಾ?” ಕಿಂಡಿಯನ್ನೇ ಇನ್ನಷ್ಟು ಕೆಳಗೆ ಕೊಯ್ಯುವಂತಿಲ್ಲ, ಬಾಗಿಲಿನ ಅಡ್ಡಪಟ್ಟಿ ಕತ್ತರಿಸಿದರೆ ಬಾಗಿಲೇ ಸೊಟ್ಟಗಾಗುತ್ತದೆ. ಹೊಸ ಹಲಗೆ ತರೋಣವೆಂದರೆ ಅಂಗಡಿ ತೆರೆಯುವುದೇ ಹತ್ತು ಗಂಟೆಗೆ.

ಅವರ ಕಣ್ಣು ಚೀಲದ ಮೇಲೆ ನಿಲ್ಲುತ್ತದೆ. ಅದರ ಬಾಯಲ್ಲಿ, ಮನೆಗೆ ಒಯ್ಯಲೆಂದು ಬಟ್ಟೆ ಸುತ್ತಿಟ್ಟ ಬಾಗಿಲ ತುಂಡಿದೆ. ಬಾಗಿಲಿನಷ್ಟೇ ದಪ್ಪ. ದಾರ ಹಿಡಿದು ನೋಡುತ್ತಾರೆ, ಒಂದೂವರೆ ಇಂಚು. ಒಂದು ಕ್ಷಣ ಅದನ್ನು ಅಂಗೈಯಲ್ಲಿ ಹಾಗೇ ಹಿಡಿದುಕೊಂಡಿರುತ್ತಾರೆ. ಆಮೇಲೆ ಉಳಿ ತೆಗೆದು ಮೇಲ್ಭಾಗಕ್ಕೆ ಅಡ್ಡಡ್ಡ ಗೀರು ಎಳೆಯುತ್ತಾರೆ, ಕಾಲು ಜಾರದಿರಲೆಂದು. ಮೂಲೆಗಳನ್ನು ಉಜ್ಜಿ ದುಂಡಗೆ ಮಾಡುತ್ತಾರೆ. ರೆಪ್ಪೆಗೆ ಕಟ್ಟಿದ್ದ ದಾರ ಬಿಚ್ಚಿ, ಕಿಂಡಿಯ ಮುಂದೆ ಮೆಟ್ಟಿಲ ಮೇಲೆ ತುಂಡನ್ನಿಟ್ಟು, ಮತ್ತೆ ಬೋರಲು ಮಲಗಿ, ಎರಡೂ ಕೈ ಚಾಚಿ ತುಂಡನ್ನು ಒತ್ತಿ ಹಿಡಿಯುತ್ತಾರೆ. ಸ್ಕ್ರೂ ಹಾಕಬಾರದೇ ಎಂದು ಪಿಸುಗುಟ್ಟುತ್ತೇನೆ. “ಅವನು ಎಲ್ಲಿ ಕಾಲಿಡ್ತಾನೆ ಅಂತ ಅವನೇ ಹೇಳ್ಲಿ. ಆಮೇಲೆ ಸ್ಕ್ರೂ.”

ಒಂಬತ್ತಾಗುತ್ತದೆ. ಮತ್ತೆ ಹತ್ತು ನಿಮಿಷ ಕಳೆಯುತ್ತದೆ. ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ, ಒಬ್ಬರು ಕಿಸಕ್ಕೆಂದು ನಗುತ್ತಾರೆ. ನನಗೆ ಅವರ ಮೇಲೆ ಎಲ್ಲಿಲ್ಲದ ಸಿಟ್ಟು ಬರುತ್ತದೆ. ಕಿಂಡಿಯಕ್ಕನ ಕೈ ಮಾತ್ರ ಸಡಿಲವಾಗುವುದಿಲ್ಲ. ಟೈಲರಮ್ಮನ ತಮ್ಮ ಬುಟ್ಟಿಯನ್ನು ಕೆಳಗಿಟ್ಟು ಬಂದು ಅವರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಾರೆ. ಬಿಸಿಲು ಕಿಂಡಿಯಕ್ಕನ ಮುಖಕ್ಕೆ ಹೊಡೆಯದಂತೆ ನ್ಯೂಸ್‌ಪೇಪರ್ ಅಡ್ಡ ಹಿಡಿಯುತ್ತಾರೆ.

ಒಂಬತ್ತು ಹದಿನೆಂಟಕ್ಕೆ ಸಾಹೇಬ ಎದ್ದು, ಮೈಮುರಿದು, ಒಮ್ಮೆ ಕೂಗುತ್ತಾನೆ. ಒಳಗೆ ಟೈಲರಮ್ಮನ ಕೈ ಅಭ್ಯಾಸಬಲದಿಂದ ಕೋಲಿನ ಕಡೆ ಹೋಗುತ್ತದೆ. “ಅಕ್ಕ, ಕೂತ್ಕೋ,” ಎನ್ನುತ್ತಾರೆ ತಮ್ಮ. ಸಾಹೇಬ ಕಿಂಡಿಯಕ್ಕನ ಮಣಿಕಟ್ಟಿನ ಮೇಲೇ ಒಂದು ಕಾಲಿಡುತ್ತಾನೆ, ಆಮೇಲೆ ತುಂಡಿನ ಮೇಲೆ. ತಲೆ ಒಳಗೆ ಹೋಗುತ್ತದೆ, ಮುಂದಿನ ಕಾಲುಗಳು ಹೋಗುತ್ತವೆ. ಪೆಡಸು ಕಾಲು ತುಂಡಿನ ಎಡತುದಿಯ ಮೇಲೆ ಊರಿಕೊಂಡು, ಮೇಲೆದ್ದು, ಅಂಚು ದಾಟುತ್ತದೆ. ರೆಪ್ಪೆ ಅವನ ಬೆನ್ನು ಸವರಿ ಬಾಲದ ಹಿಂದೆ ಮುಚ್ಚಿಕೊಳ್ಳುತ್ತದೆ.

ಟೈಲರಮ್ಮ ಕುರ್ಚಿಯಲ್ಲೇ ಇದ್ದಾರೆ. ಕೋಲು ಗೋಡೆಗೇ ಒರಗಿದೆ. ಬೆಕ್ಕು ಮನೆಗೆ ಬಂದಿದೆ, ಯಾರೂ ಎದ್ದಿಲ್ಲ. ಹದಿಮೂರು ವರ್ಷದಲ್ಲಿ ಇದೇ ಮೊದಲು. ಟೈಲರಮ್ಮ ಅಳುತ್ತಲೇ ಬೆಕ್ಕಿಗೆ ಬೈಯುತ್ತಾರೆ: “ಎಷ್ಟು ಜನರನ್ನ ಕುಣಿಸ್ತೀಯೋ, ದರಿದ್ರದವನೇ.” ಸಾಹೇಬ ಮೀನಿನಲ್ಲಿ ಮುಳುಗಿದ್ದಾನೆ. ತಿಂದು ಮುಗಿಸಿ, ಮೀಸೆ ನೆಕ್ಕಿಕೊಂಡು, ಒಂಬತ್ತೂ ನಲವತ್ತಕ್ಕೆ ಅದೇ ದಾರಿಯಲ್ಲಿ ಹೊರಗೆ ಹೋಗುತ್ತಾನೆ; ಒಳಗಿನ ನೆಲ ಮೆಟ್ಟಿಲಿಗಿಂತ ಎತ್ತರ, ಆ ಕಡೆಯಿಂದ ಅವನಿಗೆ ತೊಡಕಿಲ್ಲ. ಎಂಟು ನಿಮಿಷದ ನಂತರ ಸುಮ್ಮನೆ ಮತ್ತೆ ಒಳಗೆ ಬರುತ್ತಾನೆ.

ಕಿಂಡಿಯಕ್ಕ ತುಂಡನ್ನು ಎತ್ತಿ ತಿರುವುತ್ತಾರೆ. ಅಡಿಭಾಗದಲ್ಲಿ ಪೆನ್ಸಿಲಿನಿಂದ ಬರೆಯುತ್ತಾರೆ: ಸಾಹೇಬ, ಇವತ್ತಿನ ತಾರೀಖು, 9.48. ಆಮೇಲೆ ಅವನ ಕಾಲು ಊರಿದ ಜಾಗಕ್ಕೆ ಸರಿಯಾಗಿ ತುಂಡನ್ನಿಟ್ಟು ನಾಲ್ಕು ಸ್ಕ್ರೂ ಬಿಗಿಯುತ್ತಾರೆ. ಬರೆದದ್ದು ಇನ್ನು ಯಾರಿಗೂ ಕಾಣುವುದಿಲ್ಲ. ಕೋಣೆಯಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಬಟ್ಟೆಚೂರುಗಳನ್ನು ಟೈಲರಮ್ಮನ ತಮ್ಮ ಆ ಬುಟ್ಟಿಗೆ ತುಂಬಿ ಮಿಷನ್ನಿನ ಪಕ್ಕ ಇಡುತ್ತಾರೆ, ಹಗ್ಗ ಸುತ್ತಿ ಜೇಬಿಗೆ ಹಾಕಿಕೊಳ್ಳುತ್ತಾರೆ.

ಮಧ್ಯಾಹ್ನ ಕಿಂಡಿಯಕ್ಕನ ಮನೆಗೆ ಹೋಗುತ್ತೇನೆ. ಗಂಡ ಬಾಗಿಲಲ್ಲೇ ತಡೆದು ನನ್ನ ಅಂಗಿಯನ್ನೂ ಕೊಡವಿಸುತ್ತಾರೆ. ಒಳಗಿನ ಕೋಣೆಯ ಗೋಡೆ ತುಂಬ ಮರದ ತುಂಡುಗಳು. ಬಿಳಿ ಬಣ್ಣದವು, ಹಸಿರು ಬಣ್ಣದವು, ಬಣ್ಣ ಕಾಣದವು, ಒಂದೊಂದಕ್ಕೂ ಒಂದು ಹೆಸರು. ಆರುನೂರ ಹತ್ತನೆಯದರ ಪಕ್ಕ ಅವರು ಏಳು ಇಂಚು ಜಾಗ ಅಳೆದು, ಅಲ್ಲಿ ಏನನ್ನೂ ಇಡದೆ, ಅದರಾಚೆ ಆರುನೂರ ಹನ್ನೆರಡು ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾರೆ. ಸಾಲಿನ ನಡುವೆ ಹೀಗೆ ಖಾಲಿ ಬಿಟ್ಟರೆ ನೋಡಿದವರು ಒಂದು ಕಳೆದುಹೋಗಿದೆ ಅಂದುಕೊಳ್ಳುವುದಿಲ್ಲವೇ ಎಂದು ಕೇಳುತ್ತೇನೆ.

ಕಿಂಡಿಯಕ್ಕ ಮೊಣಕೈಗೆ ಎಣ್ಣೆ ಹಚ್ಚಿಕೊಳ್ಳುತ್ತ ಆ ಖಾಲಿ ಜಾಗವನ್ನು ನೋಡುತ್ತಾರೆ.

“ಕೇಳಿದ್ರೆ ಹೇಳ್ತೀನಿ. ಇವೆಲ್ಲ ಸುಮ್ನೆ ಕೂತಿವೆ. ಅದೊಂದು ಕೆಲ್ಸಕ್ಕೆ ಹೋಗಿದೆ.”