ಗುರಿಕಡ್ಡಿಯ ಮೇಲಿನ ಭಂಡಾರ

ಜಮಖಂಡಿ ಸಂಸ್ಥಾನವು ಮುಂಬೈ ರಾಜ್ಯದಲ್ಲಿ ವಿಲೀನವಾಗಿ ಕೆಲವು ವರ್ಷಗಳಾಗಿದ್ದವು. ನಾನು ಅಲ್ಲಿ ಫೌಜದಾರನಾಗಿದ್ದೆ. ಪ್ರತಿ ದಸರೆಗೆ ನಮಗೂ ಮುಧೋಳದ ಪೊಲೀಸರಿಗೂ ಪಿಸ್ತೂಲಿನ ಪಂದ್ಯ. ಇಪ್ಪತ್ತೈದು ಗಜ ದೂರ, ಒಂದೇ ಕೈ, ಹತ್ತು ಗುಂಡು. ಹಲಗೆಯ ನಡುವಿನ ಕಪ್ಪು ವೃತ್ತವೇ ಬುಲ್ಸ್‌ಐ. ಬಹುಮಾನ ಬರೀ ಒಂದು ಪಟಕಾ, ತಲೆಗೆ ಸುತ್ತುವ ರುಮಾಲು, ಆದರೆ ಸೋತವರಿಗೆ ವರ್ಷವಿಡೀ ಗೇಲಿ ತಪ್ಪುತ್ತಿರಲಿಲ್ಲ.

ನಮ್ಮ ಕಡೆಯ ಗುರಿಕಾರ ಹುನ್ನೂರಿನ ಜಮಾದಾರ ಬೀರಪ್ಪ. ಐವತ್ತು ದಾಟಿದವರು. ಪೊಲೀಸರಿಗೆ ಗುಂಡು ಹಾರಿಸಲು ಕಲಿಸುವುದೆಂದರೆ ಅವರಿಗೆ ಪ್ರಾಣ. ಎರಡು ವರ್ಷ ಸೋತಿದ್ದರು. ಈ ಸಲವೂ ಸೋತರೆ ಆ ಕೆಲಸ ಬೇರೆಯವರಿಗೆ ಎಂದು ಮೇಲಿನವರು ಹೇಳಿಬಿಟ್ಟಿದ್ದರು.

ತಪ್ಪು ಕೈಯದಲ್ಲ, ಆಯುಧದ್ದು ಎಂದು ನನಗನ್ನಿಸಿತು. ಅವರದು ಸಂಸ್ಥಾನದ ಕಾಲದ ಭಾರಿ .455 ರಿವಾಲ್ವರ್. ನೋಡಲು ಗತ್ತು, ಹಾರಿಸಿದರೆ ಮಣಿಕಟ್ಟಿಗೇ ಏಟು. ಅಭ್ಯಾಸಕ್ಕೆ ಗುಂಡೂ ಸಿಗುತ್ತಿರಲಿಲ್ಲ. ನಾನು ಉದ್ದ ನಳಿಗೆಯ .22 ಪಿಸ್ತೂಲು ಆರಿಸಿದೆ. ಒದೆತ ಕಡಿಮೆ, ಟ್ರಿಗರ್ ಮೆತ್ತಗೆ, ಗುಂಡು ಬೇಕಾದಷ್ಟು.

"ಇದು ಹುಡುಗೂರ ಆಟಗಿ ಐತ್ರಿ ಸಾಹೇಬ್ರ," ಎಂದರು ಬೀರಪ್ಪ. "ಮುಧೋಳದವ್ರು ನಗ್ತಾರ್ರಿ."

"ಪಂದ್ಯ ಮುಗದಮ್ಯಾಗ ಯಾರು ನಗ್ತಾರ ನೋಡೂಣು," ಎಂದೆ.

ಅಭ್ಯಾಸ ಮಾಡಿದಂತೆ ಕೈ ನಿಂತಿತು. ಆದರೂ ಗುಂಡುಗಳು ಬುಲ್ಸ್‌ಐಯ ಅಂಚಿಗೇ ಬೀಳುತ್ತಿದ್ದವು. ಏಕೆಂದು ನನಗೆ ಹೊಳೆಯಲಿಲ್ಲ.

ಖಂಡೇನವಮಿಯಂದು ಆಯುಧಪೂಜೆ. ಬೀರೇಶ್ವರನ ಭಕ್ತರಾದ ಜಮಾದಾರರು ಎಲ್ಲ ಆಯುಧಗಳಿಗೂ ಎಣ್ಣೆ ಸವರಿ, ದೇವರ ಅರಿಶಿನವಾದ ಭಂಡಾರ ಹಚ್ಚಿದರು. ತಾವು ಆಟಗಿ, ಅಂದರೆ ಆಟಿಕೆ ಎಂದು ಜರೆದಿದ್ದ .22 ಪಿಸ್ತೂಲನ್ನು ಮಾತ್ರ ದೂರ ಇಟ್ಟಿದ್ದರು. ನಾನೇ ಅದನ್ನು ತಂದು ಮುಂದಿಟ್ಟೆ. ಒಲ್ಲದ ಮನಸ್ಸಿನಿಂದ ಭಂಡಾರದ ಬೆರಳು ಒತ್ತಿದರು. ಅದು ಸರಿಯಾಗಿ ನಳಿಗೆಯ ತುದಿಯ ಗುರಿಕಡ್ಡಿಯ ಮೇಲೆ, ಅಂದರೆ ಫ್ರಂಟ್ ಸೈಟ್ ಮೇಲೆ ಬಿತ್ತು.

ಮರುದಿನ ಬೆಳಿಗ್ಗೆ ಪಂದ್ಯ. ಕಡ್ಡಿ ಹಳದಿಯಾಗಿದ್ದುದನ್ನು ಆಗಲೇ ಗಮನಿಸಿದೆ. ಅದು ಕಪ್ಪಗಿರಬೇಕೆಂದೇ ನಾನು ಕಲಿತದ್ದು. ಒರೆಸಿರಿ ಎಂದೆ.

"ಬನ್ನಿ ಕೊಡೂತನಕ ಭಂಡಾರ ಒರಸಂಗಿಲ್ರಿ. ಸೋತ್ರ ಸೋಲ್ತೀನ್ರಿ."

ಮುಧೋಳದವರು ನೂರಕ್ಕೆ ಎಂಬತ್ತೆಂಟು ಪಡೆದರು. ಬೀರಪ್ಪ ಕೈ ಎತ್ತಿದರು, ಮತ್ತೆ ಇಳಿಸಿದರು. ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಸಾಹೇಬ್ರ, ಕಡ್ಡಿ ಕಾಣಾಕತ್ತೈತ್ರಿ."

ಆಗ ನನಗೆ ಅರ್ಥವಾಯಿತು. ಆ ವಯಸ್ಸಿನ ಕಣ್ಣಿಗೆ ಕರಿ ಕಡ್ಡಿ ಕರಿ ವೃತ್ತದಲ್ಲಿ ಕರಗಿಹೋಗುತ್ತಿತ್ತು. ಹಳದಿ ಕಡ್ಡಿ ಎದ್ದು ನಿಂತಿತ್ತು. ಹತ್ತು ಗುಂಡಿಗೆ ತೊಂಬತ್ತನಾಲ್ಕು! ಫೌಜದಾರನೆಂಬುದನ್ನೂ ಮರೆತು ನಾನು ಟೊಪ್ಪಿಗೆ ಹಾರಿಸಿದೆ. ಮುಧೋಳದವರೇ ಬಂದು ಅವರಿಗೆ ಪಟಕಾ ಸುತ್ತಿದರು. ಕಲಿಸುವ ಕೆಲಸ ಅವರ ಕೈಯಲ್ಲೇ ಉಳಿಯಿತು.

ಆಯುಧದ ಗತ್ತು ನೋಡಬೇಡಿ, ಹಿಡಿಯುವವನ ಕೈ ಮತ್ತು ಕಣ್ಣು ನೋಡಿ ಆರಿಸಿ ಎಂದು ಮುಂದೆ ಎಲ್ಲ ಠಾಣೆಗಳಲ್ಲೂ ಹೇಳುತ್ತ ಬಂದೆ. ಅದನ್ನು ಕಲಿತದ್ದು ಅಂದು.

ಸಂಜೆ ಬೀರಪ್ಪ ಬನ್ನಿ ಕೊಡಲು ಮನೆಗೆ ಬಂದರು. "ಬಂಗಾರ ತಗೋರಿ ಸಾಹೇಬ್ರ," ಎಂದು ಎಲೆಗಳನ್ನು ನನ್ನ ಕೈಗಿಟ್ಟು, ತುಸು ನಾಚಿ ಹೇಳಿದರು: "ಮೊದಲ ಆಟಗಿಗೆ ಬನ್ನಿ ಇಟ್ಟು ಬಂದೀನ್ರಿ."