ಇಸ್ತ್ರಿಯಕ್ಕನ ಕ್ರಿಯಾಪದಗಳು

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಹತ್ತೊಂಬತ್ತು ವರ್ಷ ಹಬೆ ಕುಡಿದವಳನ್ನು ಇಸ್ತ್ರಿಯಕ್ಕ ಎನ್ನದೆ ಇನ್ನೇನೆಂದು ಕರೆದಾರು? ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲೇ ಉಳಿದುಹೋಗಿತ್ತು. ಎದೆಯ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು: "ಹಬೆ ಬಿಡ್ಲೇಬೇಕು. ಇಲ್ಲಾಂದ್ರೆ ಇನ್ನೆರಡು ವರ್ಷಕ್ಕೆ ಮೆಟ್ಟಿಲು ಹತ್ತೋಕೂ ಆಗಲ್ಲ."

ಬಿಟ್ಟು ಹೋಗುವುದೆಲ್ಲಿಗೆ? ಮೇಲಿನ ಮಹಡಿಯ ಬಟ್ಟೆ ಸ್ಟೋರಿನಲ್ಲಿ ಕುರ್ಚಿ ಮೇಲೆ ಕೂತು ಮಾಡುವ ಕೆಲಸವೊಂದು ಖಾಲಿಯಿತ್ತು. ಅದಕ್ಕೊಂದು ಇಂಗ್ಲಿಷ್ ವ್ಯಾಕರಣದ ಪರೀಕ್ಷೆ. ದಿಂಬಿನ ಚೀಲ ಎಣಿಸುವುದಕ್ಕೆ ವ್ಯಾಕರಣ ಯಾಕೆ ಎಂದು ನನ್ನನ್ನು ಕೇಳಬೇಡಿ, ಆ ನಿಯಮ ಮಾಡಿದ ಪುಣ್ಯಾತ್ಮನಿಗೇ ಗೊತ್ತು. ವಯಸ್ಸಿನ ಮಿತಿ ನಲವತ್ತೈದು. ಅವಳಿಗೆ ಆಗಲೇ ನಲವತ್ತೈದು. ಅವಳ ಪಾಲಿಗೆ ಇದೊಂದೇ ಸಲ.

ಗಂಡ ತೀರಿಕೊಂಡ ಮೇಲೆ ಅವಳಿದ್ದದ್ದು ಅಣ್ಣನ ಮನೆಯಲ್ಲಿ. ಅತ್ತಿಗೆ ನಿವೃತ್ತ ಇಂಗ್ಲಿಷ್ ಟೀಚರು. ಅತ್ತಿಗೆ ನಾದಿನಿ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಆದರೂ ಡಾಕ್ಟರ ಮಾತು ಕಿವಿಗೆ ಬಿದ್ದದ್ದೇ ಅತ್ತಿಗೆ ತಾವಾಗಿಯೇ ಪುಸ್ತಕ ತೆಗೆದರು.

ಮೊದಲ ತಿಂಗಳು ತಲೆಬುಡ ಅರ್ಥವಾಗಲಿಲ್ಲ. ಆಮೇಲೊಂದು ಸಂಜೆ ಇಸ್ತ್ರಿಯಕ್ಕ ಒಂದೊಂದು ಚೀಟಿಯ ಮೇಲೆ ಒಂದೊಂದು ಕ್ರಿಯಾಪದ ಬರೆದು, ಮೈಲಿಗೆ ಬಟ್ಟೆ ವಿಂಗಡಿಸುವ ಹಾಗೆ ನೆಲದ ಮೇಲೆ ಗುಡ್ಡೆ ಹಾಕಿದಳು. ವಾಷ್, ಫೋಲ್ಡ್, ರನ್: ಮೈ ಬಗ್ಗಿಸಿ ದುಡಿಯುವವು. ತಿಳಿಯುವ ಅರ್ಥದ ನೋ, ಲವ್, ಬಿಲಾಂಗ್: ಕೂತಲ್ಲೇ ಇರುವವು. ಈಸ್, ಆರ್, ಸೀಮ್: ಎರಡು ಮಾತಿಗೆ ಗಂಟು ಹಾಕುವವು. ಕ್ಯಾನ್, ವಿಲ್, ಮಸ್ಟ್ ಎಂಬವನ್ನು ಕೈಯಲ್ಲಿ ಹಿಡಿದು ಕೇಳಿದಳು, "ಇವಕ್ಕೆ ಸ್ವಂತ ಕೆಲಸ ಇಲ್ವಾ ಅತ್ತಿಗೆ?"

"ಇಲ್ಲ. ಬೇರೆ ಕ್ರಿಯಾಪದಕ್ಕೆ ಸಹಾಯ ಮಾಡೋದಷ್ಟೇ."

"ಹಾಗಾದ್ರೆ ನಮ್ಮಣ್ಣನಿಗಿಂತ ವಾಸಿ ಬಿಡಿ."

ಅತ್ತಿಗೆ ಬಿದ್ದು ಬಿದ್ದು ನಕ್ಕರು. ಪಕ್ಕದ ಕೋಣೆಯಲ್ಲಿ ಅಣ್ಣ ಕೇಳಿಸದವನಂತೆ ಪೇಪರು ಮಗುಚಿದ.

"ವಾಷ್ ಅಂದ್ರೆ ಏನನ್ನ ಅಂತ ಕೇಳ್ಬೇಕು, ಅದಕ್ಕೆ ಕರ್ಮ ಬೇಕು. ಸ್ಲೀಪ್, ಕಾಫ್ ಇಂಥವಕ್ಕೆ ಬೇಡ," ಎಂದರು ಅತ್ತಿಗೆ.

"ಹೌದು, ಕೆಮ್ಮೋಕೆ ಯಾರ ಹಂಗೂ ಬೇಡ," ಎಂದಳು. ಆಗ ಮಾತ್ರ ಅತ್ತಿಗೆಗೆ ನಗು ಬರಲಿಲ್ಲ.

ಏಳು ತಿಂಗಳು ಹೀಗೆ ನಡೆಯಿತು. ಪರೀಕ್ಷೆಯ ದಿನ ಪ್ರಶ್ನೆ ನೋಡಿದರೆ ಎಲ್ಲ ಗೊತ್ತಿರುವವೇ. ಹಾಳಾದ್ದು, ಆ ಖುಷಿಯಲ್ಲೇ ಎಡವಟ್ಟಾಯಿತು. ಲಾಂಡ್ರಿಯಲ್ಲಿ ಒಂದು ಪದ್ಧತಿಯಿದೆ: ಗಂಟು ಕಟ್ಟಿದವರು ಅದರ ಚೀಟಿಯ ಬಲಮೂಲೆಯಲ್ಲಿ ತಮ್ಮ ಬಿಲ್ಲೆಯ ನಂಬರು ಬರೆಯಬೇಕು. ಅವಳದು ಹದಿನೇಳು. ಉತ್ತರ ಪತ್ರಿಕೆಯಲ್ಲೂ ಬಲಮೂಲೆಗೇ ಒಂದು ಚೌಕ, ಅದರಲ್ಲಿ ನಂಬರು ಎಂದಿತ್ತು. ಪ್ರವೇಶಪತ್ರದ 2086 ಕಣ್ಣೆದುರೇ ಬಿದ್ದಿದ್ದರೂ ಕೈ ತನ್ನ ಪಾಡಿಗೆ 17 ಎಂದು ಬರೆಯಿತು. ಮೇಲ್ವಿಚಾರಕ ಅದರ ಮೇಲೆ ಕಣ್ಣೂ ಹಾಯಿಸದೆ ಸಹಿ ಗೀಚಿ ಮುಂದೆ ಹೋದ.

ಮೂರು ವಾರದ ಮೇಲೆ ಪಟ್ಟಿ ಬಂತು. 2086ರ ಎದುರು ಗೈರುಹಾಜರಿ.

"ಬರೆದಿದ್ದೀನಿ ಸಾರ್, ಮೂರು ಗಂಟೆ ಕೂತು ಬರೆದಿದ್ದೀನಿ," ಎಂದಳು ಕಚೇರಿಯ ಗುಮಾಸ್ತನಿಗೆ. ಅವನು ಕೆದಕಿ ಕೆದಕಿ ಕೇಳಿದಾಗ ಅವಳಿಗೇ ಹೊಳೆದು, "ಹದಿನೇಳು ಅಂತ ಬರೆದುಬಿಟ್ಟೆ ಸಾರ್," ಎಂದಳು.

"ಹದಿನೇಳು ಅನ್ನೋ ನಂಬರೇ ನಮ್ಮಲ್ಲಿಲ್ಲಮ್ಮ. ತಪ್ಪು ನಂಬರಿನ ಪೇಪರು ತಿದ್ದೋದೇ ಇಲ್ಲ, ಹರಿದು ಹಾಕ್ತಾರೆ. ಮುಂದಿನ ವರ್ಷ ಬರೀರಿ." ಅಷ್ಟು ಹೇಳಿ ಅರ್ಜಿಯಲ್ಲಿ ಅವಳ ವಯಸ್ಸು ನೋಡಿದ. ಆಮೇಲೆ ತಲೆ ಎತ್ತಲಿಲ್ಲ.

ಮನೆಗೆ ಬಂದು ಅತ್ತಿಗೆಗೆ ಇದ್ದದ್ದು ಇದ್ದ ಹಾಗೆ ಹೇಳಿದಳು. ಬೈಯುತ್ತಾರೆ ಎಂದುಕೊಂಡಿದ್ದಳು, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ಅವಳ ಚೀಲದಿಂದ ಪ್ರಶ್ನೆಪತ್ರಿಕೆ ತೆಗೆದರು. ಪಕ್ಕದಲ್ಲಿ ಪೆನ್ಸಿಲಿನಿಂದ ಉತ್ತರಗಳನ್ನು ಗುರುತು ಹಾಕಿಕೊಂಡಿದ್ದಳು. ಅತ್ತಿಗೆ ಕೆಂಪು ಪೆನ್ನು ಹಿಡಿದು ಕೂತರು.

"ಇದು ಸರಿ. ಇದೂ ಸರಿ. ಇದು ಎಷ್ಟು ಕಷ್ಟದ್ದು ಗೊತ್ತಾ, ನನ್ನ ಸ್ಕೂಲಿನ ಮಕ್ಕಳೇ ತಪ್ಪು ಮಾಡ್ತಿದ್ರು. ಇದೂ ಸರಿ ಕಣೆ."

ಎರಡನೇ ಪುಟ ಮುಗಿಯಿತು. ಒಂದೂ ತಪ್ಪಿರಲಿಲ್ಲ.

"ಸಾಕು ಅತ್ತಿಗೆ," ಎಂದಳು. "ಎಷ್ಟು ಬಂತು ಅಂತ ಮಾತ್ರ ಹೇಳ್ಬೇಡಿ."

ಅತ್ತಿಗೆಯ ಕಣ್ಣು ಆಗಲೇ ಕೊನೆಯ ಪ್ರಶ್ನೆ ಮುಟ್ಟಿತ್ತು. ಅವರು ಪೆನ್ನಿಗೆ ಮುಚ್ಚಳ ಹಾಕಿದರು. ನಾಳೆ ಲಾಂಡ್ರಿಗೆ ಹೋಗೋಕೆ ಎಷ್ಟು ಗಂಟೆಗೆ ಎಬ್ಬಿಸಲಿ ಎಂದು ಕೇಳಿದರು.

"ಐದಕ್ಕೆ," ಎಂದಳು ಇಸ್ತ್ರಿಯಕ್ಕ.