ಬೆನ್ನಿಗೆ ಜೇವರ್ಗಿ ಮಣ್ಣು

ಆಳಂದದಿಂದ ಅಫಜಲಪುರದ ಮುಂಜಾನಿ ಬಸ್ಸು ಹತ್ತಿದಾಗ ನಾವು ಮೂರು ಮಂದಿ. ನಾನು, ನಮಗ ಜುಡೋ ಕಲಿಸೋ ಶರಣಪ್ಪ ಮಾಸ್ತರು, ಆಮ್ಯಾಲೆ ಮುಖ ಗಂಟು ಹಾಕ್ಕೊಂಡು ಖಿಡಕಿ ಬಾಜೂಕ ಕೂತ ಲಾಲ್‌ಸಾಬ್ ವಸ್ತಾದರು. ತೊಂಬತ್ತರ ಸುಮಾರಿನ ಮಾತಿದು. ತೊಗರಿ ರಾಶಿ ನಡದಿತ್ತು, ಚಳಿ ಇನ್ನಾ ಬಿಟ್ಟಿರಲಿಲ್ಲ. ನನಗ ಹತ್ತೊಂಬತ್ತು ವರ್ಷ, ಮೈಯಾಗ ಸೊಕ್ಕು ಭಾಳ.

ವಸ್ತಾದರು ಯಾಕ ಬಂದಿದ್ರು ಅಂತ ಮದಲ ಹೇಳಿಬಿಡ್ತೇನಿ. ಆಳಂದದಾಗ ಅವರದೊಂದು ಕುಸ್ತಿ ತಾಲೀಮಿತ್ತು, ಅಂದ್ರ ಗರಡಿಮನಿ. ಮಿಲಿಟರಿ ನೌಕರಿ ಮುಗಿಸಿ ಬಂದ ಮಾಸ್ತರು ಜಪಾನಿನ ಜುಡೋ ಕಲಸ್ತೇನಿ ಅಂದಾಗ, ದಿನಾ ಮುಂಜಾನಿ ಒಂದು ತಾಸು ಜಾಗಾ ಬಿಟ್ಟುಕೊಟ್ಟಿದ್ರು. ಆದ್ರ ಜುಡೋದಾಗ ಮದಲನೇ ಪಾಠ ಏನ್ರಿ? ಬೀಳೋದು! ಗದ್ದಾ ಎದಿಗೆ ಒತ್ತಿ ಬೆನ್ನಿನ ಮ್ಯಾಲೆ ಬೀಳೋದು, ಬೀಳೋ ಮುಂದ ಅಂಗೈಲೆ ನೆಲಾ ಬಡಿಯೋದು, ಏಳೋದು, ತಿರುಗಿ ಬೀಳೋದು. ಕುಸ್ತಿಯವರಿಗೆ ಬೆನ್ನಿಗೆ ಮಣ್ಣು ಹತ್ತಿತಂದ್ರ ಸೋತಂಗ, ಮಾನಾ ಹೋದಂಗ. ವಸ್ತಾದರು ಒಂದಿನ ಬಾಗಲಾಗ ನಿಂತು ನೋಡಿದ್ರು, ಉರದು ಬಿದ್ರು.

"ಮಾಸ್ತರ್, ನನ್ನ ತಾಲೀಮಿನಾಗ ಇಷ್ಟು ಹುಡುಗ್ರು ತಾವಾಗೇ ಬೆನ್ನು ಹಚ್ಚಾಕತ್ತಾರ! ಇದೇನ ವಿದ್ಯಾರಿ? ಸೋಲೋ ವಿದ್ಯಾ?"

"ವಸ್ತಾದ, ಬೀಳೋ ಅಂಜಿಕಿ ಹೋಗ್ಲಿ ಅಂತ ಕಲಸಾಕತ್ತೇನ್ರಿ."

"ಮಾತು ಛಲೋ ಅದ. ಜೇವರ್ಗಿಯಾಗ ಪಂದ್ಯಾ ಅದ ಅಂದ್ರಲ್ಲ, ನಾನೂ ಬರ್ತೇನಿ, ಕಣ್ಣಿಲೆ ನೋಡ್ತೇನಿ. ನನ್ನ ಮನಸಿಗೆ ಬರಲಿಲ್ಲಂದ್ರ ನಿಮ್ಮ ಜಪಾನ ಬ್ಯಾರೆ ಕಡಿ ಒಯ್ರಿ."

ಬ್ಯಾರೆ ಕಡಿ ಎಲ್ಲಿ ಒಯ್ಯೋದ್ರಿ? ಅಂಥಾ ಮೆತ್ತನ ಮಣ್ಣು ಊರಾಗ ಇನ್ನೊಂದಿರಲಿಲ್ಲ. ಗಟ್ಟಿ ನೆಲದ ಮ್ಯಾಲೆ ಕಲಿಯಾಕ ಹೋದ್ರ ಎಲುಬು ಉಳಿಯಂಗಿಲ್ಲ. ಜೇವರ್ಗಿಗೆ ಆಡಾಕ ಹೊಂಟವ ನಾ ಒಬ್ಬನ. ನಾ ಕೆಟ್ರ ಎಲ್ಲರ ಜುಡೋನೂ ಮುಗದಂಗ.

ಅಫಜಲಪುರದ ರಸ್ತಾ ಆಗ ದೇವರಿಗೇ ಪ್ರೀತಿ. ಟಿಕೀಟ ಏಳೋ ಎಂಟೋ ರೂಪಾಯಿ, ಧೂಳು ಪುಕ್ಕಟೆ. ಅಲ್ಲಿ ಇಳದದ್ದು ಜುಡೋ ಅಂಗಿ ಸಲುವಾಗಿ. ಮಾಸ್ತರ ಅಕ್ಕ ಕಾಶಮ್ಮ ಮನಿಯಾಗ ಹೊಲಿಗಿ ಮಶೀನ ಇಟ್ಟಿದ್ಲು. ಮಂಜರಪಾಟ ಬಟ್ಟಿ ಎರಡು ಪದರ ಹಚ್ಚಿ ಹೊಲದಿದ್ಲು. ನಮ್ಮನ್ನ ನೋಡಿದ್ದೇ ಶುರು ಮಾಡಿದ್ಲು.

"ಏ ಶರಣ್ಯಾ, ಇದು ಅಂಗೀನೋ ಎತ್ತಿನ ಝೂಲಾನೋ? ನನ್ನ ಸೂಜಿ ಮುರದು ಹೋದ್ವು!"

"ದಪ್ಪ ಬೇಕಕ್ಕಾ. ಕೊರಳಪಟ್ಟಿ ಹಿಡದು ಒಗೀತಾರ."

"ಅದನ್ನ ಕಲಿಯಾಕ ಜಪಾನತನಕ ಯಾಕ ಹೋದ್ಯೋ? ನೀರು ಬರೋ ಹೊತ್ತಿಗೆ ನಮ್ಮ ನಳದ ಕಟ್ಟಿಗೆ ಬಾ, ನಾನ ಕಲಸ್ತೇನಿ."

ವಸ್ತಾದರು ಅವತ್ತು ಮದಲನೇ ಸಲ ನಕ್ರು. ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ಉಂಡ್ವಿ. ನಾ ಇನ್ನೊಂದು ರೊಟ್ಟಿಗೆ ಕೈ ಹಾಕಿದಾಗ, ನಾಳೆ ತೂಕಾ ಮಾಡ್ತಾರ ಅಂತ ಮಾಸ್ತರು ತಾಟು ಸರಿಸಿಬಿಟ್ರು.

ಕಲಬುರ್ಗಿ ಬಸ್ಸು ಅತನೂರದಾಗ ನಿಂತು ಟಪ್ಪಿನ ಮ್ಯಾಲೆ ತೊಗರಿ ಚೀಲ ಏರಸಾಕ ಹತ್ತಿತು. ಮುಗೀಲೇ ಒಲ್ದು. ನಾ ಖಿಡಕಿಯಿಂದ ಕಂಡಕ್ಟರನ ಜೋಡಿ ಬಾಯಿ ಮಾಡಿದೆ. ಮಾಸ್ತರು ಮೆಲ್ಲಕ ನನ್ನ ಹೆಗಲಮ್ಯಾಲೆ ಕೈ ಇಟ್ರು.

"ನಿನ್ನ ಭುಜಾ ಎಲ್ಲಿ ಅದಾವ ನೋಡು. ಕಿವಿತನಕ ಏರ್ಯಾವ. ಸಿಟ್ಟು ಬಂದ ಮೈ ಬಿರಸಾಗತದ ಮಲ್ಯಾ. ಬಿರಸ ಮೈ ಒಗಿಯೋದು ಭಾಳ ಸಸಾರ. ಉಸರು ಬಿಡು, ಭುಜಾ ತಾನ ಇಳಿತಾವ."

ಇಳದ್ವು. ಮುಂದಿನ ಸೀಟಿನಿಂದ ವಸ್ತಾದರು ತಿರುಗದನ ಅಂದ್ರು: "ಇದೊಂದು ಮಾತು ಕುಸ್ತಿಯಾಗೂ ಖರೇ ಅದ."

ಕಲಬುರ್ಗಿಯಾಗ ಬಸ್ಸು ಬದಲಿ ಮಾಡಿ, ಭೀಮಾ ಹೊಳಿ ದಾಟಿ, ಸಂಜಿಗೆ ಜೇವರ್ಗಿ ಮುಟ್ಟಿದ್ವಿ. ಮರುದಿನ ಸಾಲಿ ಬಯಲಾಗ ಪಂದ್ಯಾ. ಗಾದಿ ಹಾಸಿ, ಅದರ ಮ್ಯಾಲ ತಾಡಪತ್ರಿ ಬಿಗದಿದ್ರು. ಸುತ್ತ ಮಂದಿಯೋ ಮಂದಿ. ಅಂಪಾಯರು ಪುಣೆ ಕಡೆಯವರು, ಕನ್ನಡ ಒಂದಕ್ಷರ ಬರ್ತಿರಲಿಲ್ಲ. ನನ್ನ ಎದುರಾಳಿ ಯಡ್ರಾಮಿಯ ಸಿದ್ದರಾಮ. ಕುಸ್ತಿ ಮೈಯಿನವ. ಊರಿಗೆ ಬಂದ ಗೆಳ್ಯಾನ ಕಡಿಂದ ಜುಡೋದ ಪಟ್ಟು ಕಲ್ತಿದ್ದ, ಅದರ ಜಪಾನಿ ಶಬ್ದ ಕಲ್ತಿರಲಿಲ್ಲ.

ಬಗ್ಗಿ ನಮಸ್ಕಾರ ಮಾಡಿ ಹಿಡದ್ವಿ. ಎಳದಾಡಿ ಎಳದಾಡಿ ತಾಡಪತ್ರಿ ಅಂಚಿಗೆ ಬಂದ್ವಿ. ಅಲ್ಲಿ ನನ್ನ ಸೊಂಟ ಅಂವನ ಹೊಟ್ಟಿ ಕೆಳಗ ಬರೋಬ್ಬರಿ ಕೂತಿತು. ಅಂವನ ಕಾಲು ನೆಲಾ ಬಿಟ್ವು. ಇನ್ನೇನು ಒಗೀಬೇಕು, ಅಂಪಾಯರು ಕೂಗಿದ್ರು: "ಮತ್ತೆ!"

ಜುಡೋದಾಗ ಮತ್ತೆ ಅಂದ್ರ ನಿಂದ್ರು ಅಂತ, ಜಪಾನಿ ಮಾತದು. ಅಂಚು ದಾಟಿದ್ವಿ, ಅದಕ್ಕ ಕೂಗಿದ್ರು. ಮಾಸ್ತರು ತಾಲೀಮಿನಾಗ ಬೇಕಂತನ, ನಾವು ಗೆಲ್ಲೋ ಹೊತ್ತಿಗೇ ಈ ಶಬ್ದ ಕೂಗ್ತಿದ್ರು. ಕೈ ಬಿಟ್ರ ಸಾಲದು, ಒಗೀಬೇಕು ಅನ್ನೋದನ್ನ ಮನಸಿನಾಗಿಂದಾನೂ ಬಿಡಬೇಕು ಅಂತಿದ್ರು. ಆ ಹೊತ್ತಿಗೆ ಮೈಯೆಲ್ಲಾ ಉರೀತಿತ್ರಿ, ಸುಳ್ಳ ಹೇಳಂಗಿಲ್ಲ. ಆದ್ರ ನಾ ಬಿಟ್ಟೆ. ಸಿದ್ದರಾಮನ್ನ ಮೆಲ್ಲಕ ಕಾಲ ಮ್ಯಾಲೆ ಇಳಿಸಿ, ಕೈ ಜೋಲಿಬಿಟ್ಟು ನಿಂತೆ.

ಸಿದ್ದರಾಮ ಕನ್ನಡದ ಮನಶ್ಯಾ. ಅಂವನ ಕಿವಿಗೆ ಮತ್ತೆ ಅಂದ್ರ ಮತ್ತೊಮ್ಮೆ! ಮಂದಿಗೂ ಅದ ಕೇಳಿಸಿತು. "ಸಾಹೇಬ್ರು ಮತ್ತ ಅಂದ್ರಲೇ ಸಿದ್ಯಾ, ಒಗಿ ಮತ್ತ!" ಅಂತ ಒದರಿದ್ರು. ಅಂವ ನನ್ನ ಕೊರಳಪಟ್ಟಿ ಹಿಡದು ಎತ್ತಿ ತಾಡಪತ್ರಿ ಹೊರಗ, ಬಿರಸ ಕರಿ ನೆಲಕ್ಕ ಅಪ್ಪಳಿಸಿಬಿಟ್ಟ.

ನಾ ಏನೂ ವಿಚಾರ ಮಾಡಲಿಲ್ಲ. ಗದ್ದಾ ತಾನ ಎದಿಗೆ ಹೋತು, ಕೈ ತಾನ ನೆಲಾ ಬಡೀತು. ಫಟಾಕಿ ಹೊಡದಂಗ ಸಪ್ಪಳಾತು, ಧೂಳೆದ್ದಿತು. ನಾ ಎದ್ದು ನಿಂತೆ. ಆಮ್ಯಾಲೆ ಸಿಟ್ಟು ಬಂತು ನೋಡ್ರಿ! ಭುಜಾ ಏರಾಕ ಹತ್ತಿದ್ವು. ಉಸರು ಬಿಟ್ಟೆ.

ಅಂಪಾಯರು ಸಿದ್ದರಾಮನಿಗೆ ಹೊರಗ ಹೋಗು ಅಂತ ಬಟ್ಟು ಮಾಡಿದ್ರು. ಅಂವ ಕಣ್ಣು ಪಿಳಿಪಿಳಿ ಬಿಟ್ಟ. "ನೀವ ಮತ್ತ ಅಂದ್ರಲ್ರೀ ಸಾಹೇಬ್ರ? ಅಂದ್ರಿ, ಮಾಡಿದೆ! ನಂದೇನ ತಪ್ಪು?" ಅಂಪಾಯರಿಗೆ ತಿಳೀಲಿಲ್ಲ. ನನಗ ತಿಳೀತು. ಬಾಯಿ ಮುಚ್ಚಿದ್ರ ಪಂದ್ಯಾ ನಂದು, ತಾಲೀಮಿನ ಮಣ್ಣೂ ನಮ್ಮದು. ವಸ್ತಾದರು ಕೈಕಟ್ಟಿ ನನ್ನನ್ನ ನೋಡಾಕತ್ತಿದ್ರು.

ಅಂವ ನಿಮ್ಮ ಮಾತು ಕೇಳೇ ಒಗದಾನ ಅಂತ ನನ್ನ ಹರಕ ಹಿಂದಿಯೊಳಗ ಹೇಳಿದೆ: "ಸಾಬ್, ಹಮಾರೇ ಕನ್ನಡ ಮೇ ಮತ್ತೆ ಬೋಲೇ ತೋ ಫಿರ್ ಸೇ. ಇನೋ ಆಪ್ ಕೀ ಬಾತ್ ಸುನ್ಯಾ."

ಅಂಪಾಯರು ಹೊಟ್ಟಿ ಹಿಡಕೊಂಡು ನಕ್ರು. ಸಿದ್ದರಾಮನಿಗೆ ಶಬ್ದ ತಿಳಿಸಿ ಹೇಳಿ, ನಮ್ಮಿಬ್ಬರನ್ನೂ ನಟ್ಟನಡುವ ನಿಲ್ಲಿಸಿ ಪಂದ್ಯಾ ಹೊಸದಾಗಿ ಹಚ್ಚಿದ್ರು.

ಸೋತೆ. ಕಾಲು ಜಾರಲಿಲ್ಲ, ಬಿಸಲು ಕಣ್ಣಿಗೆ ಹೊಡೀಲಿಲ್ಲ. ಅಂವ ನನಗಿಂತ ಗಟ್ಟಿಯಿದ್ದ, ನಟ್ಟನಡುವ ಎತ್ತಿ ಒಗದ. ಬಗ್ಗಿ ನಮಸ್ಕಾರ ಮಾಡಿ ಹೊರಗ ಬಂದೆ. ಮನಿಯಾಗ ಗೆದ್ದ ಕಪ್ಪು ಬ್ಯಾರೆ ಅದಾವ. ಆದ್ರ ಎದಿ ಉಬ್ಬಿಸಿ ಹೇಳಬೇಕಂದ್ರ ನಾ ಹೇಳೋದು ಈ ಜೇವರ್ಗಿ ಪಂದ್ಯಾನ.

ಬಸ್‌ಸ್ಟ್ಯಾಂಡಿನ ಹೋಟೆಲಿನಾಗ ಮಿರ್ಚಿಭಜಿ ಬಂದ್ವು. ವಸ್ತಾದರು ಮುಟ್ಟಲಿಲ್ಲ.

"ಬಾಯಿ ಮುಚ್ಚಿದ್ರ ಗೆದ್ದಿದ್ದಿ."

"ಹೌದ್ರಿ ವಸ್ತಾದ."

"ಅಂಗಿ ಎತ್ತು."

ಅಷ್ಟು ಮಂದಿಯೊಳಗ ಅಂಗಿ ಎತ್ತಿಸಿ, ಬೆನ್ನಿನ ಒಂದೊಂದು ಎಲುಬು ಬೆರಳಿಲೆ ಒತ್ತಿ ನೋಡಿದ್ರು. ಭುಜಾ ತಿರುವಿ ನೋಡಿದ್ರು. ಮಣ್ಣು ಝಾಡಿಸಿದ್ರು. ಆಮ್ಯಾಲೆ ಮಾಸ್ತರ ಕಡಿ ತಿರುಗಿ ಮೆಲ್ಲಕ ಅಂದ್ರು:

"ನನ್ನ ಮಗ ಖಾಜಾ ಇಂಥಾದ ನೆಲದ ಮ್ಯಾಲೆ ಬಿದ್ದಿದ್ದ. ಬೆನ್ನು ಹತ್ತಬಾರದು ಅಂತ ಕೈ ಊರಿದ. ಭುಜಾ ಮುರೀತು, ಕುಸ್ತಿ ಅಲ್ಲಿಗೇ ಖತಂ. ಕೈ ಊರಾಕ ನಾನ ಕಲಿಸಿದ್ದೆ ಮಾಸ್ತರ್."

ಮಾಸ್ತರು ಭಜಿ ತಾಟು ಅವರ ಮುಂದ ಸರಿಸಿದ್ರು.

"ಮುಂಜಾನಿ ಜಾಗಾ ನಿಮ್ಮದ," ಅಂದ್ರು ವಸ್ತಾದರು ಭಜಿ ಮುರೀತಾ. "ನನ್ನ ಹುಡುಗ್ರನ್ನೂ ಕೂಡಿಸ್ಕೊರಿ. ಆದ್ರ ಅವರು ಬೀಳೋ ಹೊತ್ತಿಗೆ ನಾ ಹೊರಗ ಚಾ ಕುಡಿತೇನಿ. ಅದನ್ನ ನೋಡಾಕ ನನ್ನ ಕೈಲೆ ಆಗಂಗಿಲ್ಲ."

ಆಳಂದಕ್ಕ ತಿರುಗಿ ಬಂದ ಮರುದಿನ ಮುಂಜಾನಿ ಪೈಲವಾನರೂ ನಾವೂ ಒಂದ ಸಾಲಿನಾಗ ನಿಂತ್ವಿ. ವಸ್ತಾದರು ಬಾಗಲ ಎಳಕೊಂಡು, ಕಟ್ಟಿ ಮ್ಯಾಲೆ ಚಾ ಹಿಡದು ಕೂತ್ರು. ನಾವು ಒಬ್ಬೊಬ್ಬರಾಗಿ ಬಿದ್ವಿ. ಫಟ್. ಫಟ್. ಫಟ್. ಹೊರಗಿಂದ ದನಿ ಬಂತು:

"ಯಾವನಲೇ ಅಂವ ಮೂರನೇದಂವ? ಕೈ ತಡಾ ಆತು! ಇನ್ನೊಮ್ಮೆ ಬೀಳಲೇ!"